ಬಿಳಿ ಚೀಟಿಯ ರೆಕಾರ್ಡು

ಸಂಜೆಯ ಪೂಜೆ ಮುಗಿಸಿದ ಮೇಲೆ ದೊಡ್ಡವ್ವ ಕೈ ಒರೆಸಿಕೊಂಡು ನೆಲಮಾಳಿಗೆಗೆ ಇಳಿದು, ಮಗನ ರೆಕಾರ್ಡನ್ನು ಹಾಕುತ್ತಿದ್ದಳು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ನಲ್ಲಿಯನ್ನು ಸಹ ತಿರುಗಿಸುತ್ತಿರಲಿಲ್ಲ.

ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆಂದು ನಾನು ವಾಷಿಂಗ್ಟನ್ನಿಗೆ ಬಂದದ್ದು ೧೯೯೪ರ ಆಗಸ್ಟ್ ತಿಂಗಳಲ್ಲಿ. ಅಲ್ಲಿಗೆ ಹತ್ತಿರದ ಶ್ಯಾಂಟಿಲಿಯಲ್ಲಿದ್ದ ದೊಡ್ಡವ್ವ ಶಾಂತವ್ವ ಮತ್ತು ದೊಡ್ಡಪ್ಪ ದಾನಪ್ಪನವರು ತಮ್ಮ ಮನೆಯಲ್ಲಿಯೇ ಇರಬೇಕೆಂದು ಹಟ ಹಿಡಿದರು. ನನಗೆ ಕೊಟ್ಟದ್ದು ಅವರ ಒಬ್ಬನೇ ಮಗ ಅಮೃತನ ಕೋಣೆ. ಅಟ್ಲಾಂಟಾದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವನು ಹಿಂದಿನ ನವೆಂಬರಿನಲ್ಲಿ ರಜೆಗೆಂದು ಕಾರಿನಲ್ಲಿ ಮನೆಗೆ ಹೊರಟಿದ್ದ. ದಕ್ಷಿಣ ಕ್ಯಾರೊಲಿನಾದ ಹೆದ್ದಾರಿಯಲ್ಲಿ ಅಪಘಾತವಾಗಿ, ಅವನು ಮನೆ ತಲುಪಲಿಲ್ಲ.

ಪೊಲೀಸರು ಹಿಂದಿರುಗಿಸಿದ ಸಾಮಾನಿನಲ್ಲಿ ರೆಕಾರ್ಡುಗಳ ಒಂದು ಕ್ರೇಟು ಇತ್ತು. ಹೆಚ್ಚಿನವು ಒಡೆದಿದ್ದವು. ಉಳಿದವುಗಳಲ್ಲಿ ಒಂದಕ್ಕೆ ಸಾದಾ ಕಪ್ಪು ಹೊದಿಕೆ. ನಡುವಿನ ಬಿಳಿ ಚೀಟಿಯ ಮೇಲೆ ಅಚ್ಚಾದ ಅಕ್ಷರ ಒಂದೂ ಇರಲಿಲ್ಲ. ಪೆನ್ನಿನಿಂದ, ಕನ್ನಡದಲ್ಲಿ, ‘ಅಮೃತ್’ ಎಂದಷ್ಟೇ ಬರೆದಿತ್ತು. ಭಾನುವಾರದ ಕನ್ನಡ ತರಗತಿಯಲ್ಲಿ ಕಲಿತ ಅಕ್ಷರ. ವಟ್ರಸುಳಿ ಅಗತ್ಯಕ್ಕಿಂತ ದೊಡ್ಡದಾಗಿತ್ತು. ಮನೆಯಲ್ಲಿದ್ದ ವಚನಗಳ ರೆಕಾರ್ಡುಗಳಲ್ಲಿ ಆ ಜಾಗದಲ್ಲಿ ಇರುವುದು ಹಾಡಿದವರ ಹೆಸರು. ಆದ್ದರಿಂದ ಇದನ್ನು ಹಾಡಿದವನು ಅಮೃತನೇ ಎಂದು ದೊಡ್ಡವ್ವ ತಿಳಿದಳು. ಹಾಕಿ ಕೇಳಿದಾಗ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಭಾರದ ಪೆಟ್ಟಿಗೆ ಸರಿಸುತ್ತಿರುವಂಥ ಡ್ರಮ್ಮಿನ ಸದ್ದು. ಅದರ ಮೇಲೆ ಒಂದು ಗಂಡುದನಿ, ಪದಗಳಿಲ್ಲದೆ, ಎಳೆದೆಳೆದು ಹಾಡುತ್ತಿತ್ತು.

“ನಮಗ ಹೇಳಲೇ ಇಲ್ಲ ನೋಡು ಸ್ಮಿತಾ,” ಎಂದು ನಾನು ಬಂದ ಮೊದಲ ವಾರವೇ ಹೇಳಿದಳು. “ಹೇಳಿದ್ರ ಬೈತಾರ ಅಂತ. ಬೈತಿದ್ದೆ ಖರೇನ. ಹಾಡೋದು ಬಿಡು, ಓದು ಅಂತಿದ್ದೆ.”

ಅಕ್ಟೋಬರಿನಲ್ಲಿ ಅಟ್ಲಾಂಟಾ ಬಳಿಯ ಸುವಾನಿಯಿಂದ ರವಿಕಿರಣನ ಫೋನು ಬಂತು. ಅಟ್ಲಾಂಟಾದಲ್ಲಿ ಅಮೃತನ ಕೋಣೆಯಲ್ಲಿಯೇ ಇದ್ದ ಗೆಳೆಯ. ವರ್ಷದ ಪುಣ್ಯಸ್ಮರಣೆಗೆ ತಾನು ಡ್ರೈವ್ ಮಾಡಿಕೊಂಡು ಬರುವುದಾಗಿಯೂ, ಅಮೃತ್ ಡಿ.ಜೆ. ಆಗಿದ್ದ ಕೊನೆಯ ಪಾರ್ಟಿಯ ಕ್ಯಾಸೆಟ್ಟು ಸಿಕ್ಕಿರುವುದಾಗಿಯೂ ಹೇಳಿದ. ನಾನು ರೆಕಾರ್ಡಿನ ವಿಷಯ ತೆಗೆದೆ. ಅವನಿಗೆ ಅದು ತಕ್ಷಣ ನೆನಪಾಯಿತು. ಇಂಗ್ಲೆಂಡಿನ ಇಬ್ಬರು ಹುಡುಗರ ತಂಡದ್ದಂತೆ. ಆಗಿನ್ನೂ ಅವರು ಹೆಸರು ಮಾಡಿರಲಿಲ್ಲವಂತೆ. ಅದರಲ್ಲಿ ಹೆಂಗಸಿನ ದನಿ ಬಂದ ಕೂಡಲೇ ಇಡೀ ಹಾಲ್ ಕುಣಿಯುತ್ತಿತ್ತು ಎಂದ. ನಮ್ಮಲ್ಲಿರುವುದರಲ್ಲಿ ಗಂಡಸು ಹಾಡುತ್ತಾನೆ ಎಂದು ನಾನು ತಿದ್ದಿದೆ.

ಅವನು ಕೇಳಿದ: “ನೀವು ತರ್ಟಿ-ತ್ರೀನಲ್ಲಿ ಪ್ಲೇ ಮಾಡ್ತಿದ್ದೀರಾ? ಅದು ಫಾರ್ಟಿ-ಫೈವ್ ರೆಕಾರ್ಡ್.”

ನಮ್ಮ ಕಡೆ ದೊಡ್ಡ ತಟ್ಟೆಯ ರೆಕಾರ್ಡೆಂದರೆ ನಿಮಿಷಕ್ಕೆ ಮೂವತ್ತಮೂರು ಸುತ್ತು, ಸಣ್ಣದೆಂದರೆ ನಲವತ್ತೈದು. ಅದರಲ್ಲಿ ಯೋಚಿಸುವುದೇನೂ ಇರುವುದಿಲ್ಲ. ಕುಣಿತದ ರೆಕಾರ್ಡುಗಳಲ್ಲಿ ದೊಡ್ಡ ತಟ್ಟೆಯನ್ನೇ ನಲವತ್ತೈದರಲ್ಲಿ ತಿರುಗಿಸುತ್ತಾರೆಂದು ನನಗೂ ಗೊತ್ತಿರಲಿಲ್ಲ. ವೇಗ ಮುಕ್ಕಾಲಿಗೆ ಇಳಿದರೆ ಮೇಲಿನ ಷಡ್ಜ ಪಂಚಮಕ್ಕೆ ಬಂದು ನಿಲ್ಲುತ್ತದೆ. ಹೆಣ್ಣಿನ ದನಿ ಎಳೆಯ ಗಂಡಸಿನದಾಗುತ್ತದೆ. ಬಿಳಿ ಚೀಟಿಗೂ ಸರಳವಾದ ಕಾರಣವಿತ್ತು. ಮಾರಾಟಕ್ಕೆ ಮುಂಚೆ ಡಿ.ಜೆ.ಗಳಿಗೆ ಕಳಿಸುವ ಪ್ರತಿಗಳಲ್ಲಿ ಏನೂ ಅಚ್ಚು ಮಾಡಿರುವುದಿಲ್ಲ. ಪಾರ್ಟಿಯಲ್ಲಿ ಅದಲು ಬದಲಾಗದಿರಲೆಂದು ಅವರವರು ತಮ್ಮ ಹೆಸರು ಬರೆದುಕೊಳ್ಳುತ್ತಾರೆ.

ಮರುದಿನ ದೊಡ್ಡವ್ವ ಅಂಗಡಿಗೆ ಹೋದಾಗ ನಾನು ನೆಲಮಾಳಿಗೆಗೆ ಇಳಿದು, ವೇಗದ ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸಿದೆ. ತಟ್ಟೆ ಮೊದಲಿನ ಹಾಗೆಯೇ ತಿರುಗಿತು. ರೆಕಾರ್ಡು ತೆಗೆದು, ಯಂತ್ರದ ತಟ್ಟೆಯನ್ನು ಎತ್ತಿ ಅಡಿಯಲ್ಲಿ ನೋಡಿದೆ. ಬೆಲ್ಟನ್ನು ಒಂದು ವೇಗದಿಂದ ಇನ್ನೊಂದಕ್ಕೆ ಸರಿಸುವ ಪುಟ್ಟ ಕವೆಯನ್ನು ಯಾರೋ ಸ್ಕ್ರೂ ಬಿಚ್ಚಿ ತೆಗೆದಿದ್ದರು. ಅಲ್ಲಿನ ಧೂಳನ್ನೂ ಒರೆಸಿದ್ದರು.

ಮೆಟ್ಟಿಲ ಮೇಲೆ ದೊಡ್ಡಪ್ಪ ನಿಂತಿದ್ದರು. ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದ ಹತ್ತಿರದ ಒಂದು ಕಂಪನಿಯಲ್ಲಿ ಅವರು ಇಂಜಿನಿಯರು. ಕಳಚಿದ್ದನ್ನು ಹಾಗೇ ಬಿಡುವವರಲ್ಲ.

“ಮೊದಲನೇ ದಿನಾನ ಗೊತ್ತಾತು,” ಎಂದರು. “ಯಾರರ ಬಂದು ಅಪ್ಪಿತಪ್ಪಿ ತಿರುವ್ಯಾರು ಅಂತ ತಗದಿಟ್ಟೀನಿ.”

ನಾನು ತಟ್ಟೆಯನ್ನು ಜಾಗಕ್ಕೆ ಕೂರಿಸಿ ಕ್ಯಾಸೆಟ್ಟಿನ ವಿಷಯ ಹೇಳಿದೆ. ರವಿಕಿರಣ ಹೇಳಿದಂತೆ, ಅದರಲ್ಲಿ ಇದೇ ಹಾಡು ಸರಿಯಾದ ವೇಗದಲ್ಲಿ ಬರುತ್ತದೆ. ಅದರ ಮೇಲೆ ಅಮೃತನೇ ಮೈಕಿನಲ್ಲಿ ಮಾತಾಡಿದ್ದಾನೆ. ಅವನ ದನಿ ಅದರಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ದೊಡ್ಡವ್ವ ಅದನ್ನು ಕೇಳಿದರೆ ಸಂಜೆಯ ದನಿ ಮಗನದಲ್ಲವೆಂದು ತಿಳಿಯುತ್ತದೆ. ರವಿಕಿರಣನಿಗೆ ತರಬೇಡ ಎಂದು ಹೇಳಲೇ ಎಂದು ಕೇಳಿದೆ.

ದೊಡ್ಡಪ್ಪ ಮೆಟ್ಟಿಲ ಮೇಲೆಯೇ ಕುಳಿತರು. “ಅದು ಆಕೀ ಮಗನ ದನಿ ಐತಿ. ಕೇಳಬ್ಯಾಡ ಅನ್ನಾಕ ನಮಗೇನ ಹಕ್ಕೈತಿ?” ಎಂದರು. ಆಮೇಲೆ, ನನಗಲ್ಲವೆಂಬಂತೆ, “ಇದನ್ನ ಕಸಗೊಳ್ಳಾಕೂ ಹಕ್ಕಿಲ್ಲ,” ಎಂದರು. ಎರಡರಲ್ಲಿ ಯಾವುದೆಂದು ಅವರು ಹೇಳಲಿಲ್ಲ. ನಾನು ಸುವಾನಿಗೆ ಫೋನು ಮಾಡಲಿಲ್ಲ.

ಪುಣ್ಯಸ್ಮರಣೆಯ ದಿನ ಬಂದವರು ವಚನ ಹಾಡಿ, ಪ್ರಸಾದ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಹೊರಟರು. ರವಿಕಿರಣ ಉಳಿದ. ದೊಡ್ಡವ್ವ ಅವನಿಗೆ ಇನ್ನೊಂದು ಹೋಳಿಗೆ ಬಡಿಸಿ, ಅಮೃತನ ಹಾಡು ಕೇಳಿಸುತ್ತೇನೆ ಬಾ ಎಂದು ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಅವನು ರೆಕಾರ್ಡನ್ನು ಪೂರ್ತಿ ಕೇಳಿದ. ಒಮ್ಮೆ ನನ್ನ ಕಡೆ ನೋಡಿ, ಜೇಬಿನಿಂದ ತೆಗೆಯುತ್ತಿದ್ದ ಕ್ಯಾಸೆಟ್ಟನ್ನು ಮತ್ತೆ ಒಳಗೆ ತಳ್ಳಿದ. ದೊಡ್ಡವ್ವ ಅದನ್ನು ಕಂಡಿದ್ದಳು.

“ಏನದು? ಅಮೃತಂದೇನು?”

ಅವನು ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಕೈ ಚಾಚಿ ಕ್ಯಾಸೆಟ್ಟು ಇಸಿದುಕೊಂಡು ತಾವೇ ಹಾಕಿದರು.

ಡ್ರಮ್ಮು ಅವಸರದಲ್ಲಿತ್ತು. ಹೆಂಗಸು ಹಾಡತೊಡಗಿದಳು; ತೆಳುವಾದ, ಎತ್ತರದ ದನಿ. ದೊಡ್ಡವ್ವ ಬೇರೆ ಯಾವುದೋ ಹಾಡೆಂದುಕೊಂಡು ಮರ್ಯಾದೆಗೆ ಕೇಳುತ್ತ ಕುಳಿತಿದ್ದಳು. ಆಗ ಹಾಡಿನ ಮೇಲೆ ಅಮೃತ ಮಾತಾಡಿದ. ಹೊರಗೆ ಬೂದು ಬಣ್ಣದ ಕಾರು ನಿಲ್ಲಿಸಿದವರು ಯಾರೇ ಇರಲಿ, ನಿಮ್ಮ ಲೈಟು ಉರಿಯುತ್ತಿದೆ, ಬ್ಯಾಟರಿ ಹೋಗುತ್ತದೆ, ದಯವಿಟ್ಟು ಹೋಗಿ ನೋಡಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ಹೇಳುತ್ತಾ ಸ್ವಲ್ಪ ಕೆಮ್ಮಿದ. ಅಷ್ಟೇ.

ದೊಡ್ಡವ್ವನ ಕೈ ಬಾಯಿಗೆ ಹೋಯಿತು. ಯಾರೂ ಅವಳಿಗೆ ಏನೂ ಹೇಳಬೇಕಾಗಲಿಲ್ಲ. ಇನ್ನೊಮ್ಮೆ ಹಾಕಿಸಿ ಕೇಳಿದಳು. ಈ ಸಲ ಅವಳು ಹಾಡನ್ನೂ ಕೇಳುತ್ತಿದ್ದಳು. ದನಿ ಏರುವ ಜಾಗ, ಇಳಿಯುವ ಜಾಗ ವರ್ಷದಿಂದ ಅವಳಿಗೆ ಬಾಯಿಪಾಠವಾಗಿದ್ದವು. ಕಣ್ಣು ರೆಕಾರ್ಡಿನ ಕಡೆ ತಿರುಗಿತು.

“ಹಂಗಾದ್ರ ಆ ಹಾಡಿದಾಕಿ ಯಾರು?”

“ಗೊತ್ತಿಲ್ಲ ಆಂಟಿ. ಇಂಗ್ಲೆಂಡ್‌ನವಳು ಇರಬೇಕು. ರೆಕಾರ್ಡ್‌ನಲ್ಲಿ ಹೆಸರೇ ಹಾಕಿಲ್ಲ.”

“ಪಾಪ,” ಎಂದಳು ದೊಡ್ಡವ್ವ.

ಅಮೃತ ಏನು ಮಾಡುತ್ತಿದ್ದ ಎಂದು ಆಮೇಲೆ ಕೇಳಿದಳು. ಬೇರೆಯವರ ಹಾಡುಗಳನ್ನು ಒಂದರ ತಾಳಕ್ಕೆ ಇನ್ನೊಂದನ್ನು ಕೂಡಿಸಿ, ಜನ ಕುಣಿಯುವುದು ನಿಲ್ಲದಂತೆ ನೋಡಿಕೊಳ್ಳುತ್ತಿದ್ದ ಎಂದು ರವಿಕಿರಣ ವಿವರಿಸಿದ. ಚೆನ್ನಾಗಿ ಮಾಡುತ್ತಿದ್ದನೇ ಎಂದು ಕೇಳಿದಳು. ತುಂಬಾ ಚೆನ್ನಾಗಿ ಎಂದ. ಅವನು ಹೊರಡುವಾಗ ದೊಡ್ಡವ್ವ ರೆಕಾರ್ಡನ್ನು ಕಪ್ಪು ಹೊದಿಕೆಗೆ ಸೇರಿಸಿ, ಹೋಳಿಗೆಯ ಡಬ್ಬಿಯ ಜೊತೆ ಅವನ ಕೈಗೆ ಕೊಟ್ಟಳು.

“ಕುಣಿಯಾವ್ರ ಹಂತ್ಯಾಕ ಇರಲಿ, ತಮ್ಮಾ.”

ದೊಡ್ಡಪ್ಪ ಆ ವಾರ ಕವೆಯನ್ನು ಮತ್ತೆ ಕೂರಿಸಿದರು. ಅದರಿಂದ ಉಪಯೋಗವೇನೂ ಆಗಲಿಲ್ಲ. ಆ ಯಂತ್ರವನ್ನು ಅನಂತರ ಯಾರೂ ಹಚ್ಚಲಿಲ್ಲ. ಕ್ಯಾಸೆಟ್ಟನ್ನು ದೊಡ್ಡವ್ವ ದೇವರ ಕಪಾಟಿನಲ್ಲಿ ಇಟ್ಟಳು. ಸವೆದೀತು ಎಂದು ಅದನ್ನು ಹಾಕಲಿಲ್ಲ. ಪೂಜೆಯ ನಂತರದ ಆ ಹೊತ್ತು ಬರಿದಾಗಿ ಉಳಿಯಿತು. ಮೊದಲ ಕೆಲವು ದಿನ ಅವಳು ನೆಲಮಾಳಿಗೆಯ ಮೆಟ್ಟಿಲವರೆಗೆ ಹೋಗಿ, ಅಲ್ಲಿಯ ದೀಪ ಆರಿಸಿ, ಅಡುಗೆಮನೆಗೆ ಹಿಂದಿರುಗುತ್ತಿದ್ದಳು.

ಡಿಸೆಂಬರಿನಲ್ಲಿ ಅವಳು ಆ ಹೊತ್ತಿಗೆ ಶಾಲು ಹೊದ್ದು ಹೊರಗೆ ಹೋಗಲಾರಂಭಿಸಿದಳು. ನಮ್ಮ ಎರಡೂ ಕಾರುಗಳ ಮುಂದೆ ನಿಂತು ಬಗ್ಗಿ ನೋಡುತ್ತಿದ್ದಳು. ಬಳಿಕ ರಸ್ತೆಯ ಕೊನೆಯವರೆಗೂ ನಡೆದು, ಎರಡು ಕಡೆಯ ಕಾರುಗಳನ್ನೂ ನೋಡಿಕೊಂಡು ಬರುತ್ತಿದ್ದಳು. ಚಳಿಗೆ ಬೇಡವೆಂದು ದೊಡ್ಡಪ್ಪ ಹೇಳಲಿಲ್ಲ. ಕಿಟಕಿಯ ಬಳಿ ನಿಂತು ಕಾಯುತ್ತಿದ್ದರು.

ಒಂದು ಸಂಜೆ ಎದುರುಮನೆಯ ಕಾರಿನ ಲೈಟು ಉರಿಯುತ್ತಿತ್ತು. ದೊಡ್ಡವ್ವ ಬೆಲ್ ಒತ್ತಿದಳು. ಅಮೆರಿಕದ ಯುವಕನೊಬ್ಬ ಬಾಗಿಲು ತೆರೆದ. ಅವಳು ತನಗೆ ಬರುವ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಆರಿಸಿ, ನಿಮ್ಮ ಲೈಟು ಉರಿಯುತ್ತಿದೆ, ಬ್ಯಾಟರಿ ಹೋಗುತ್ತದೆ, ದಯವಿಟ್ಟು ಹೋಗಿ ನೋಡಿ ಎಂದಳು. ಹೇಳುತ್ತಾ ಸ್ವಲ್ಪ ಕೆಮ್ಮಿದಳು.