ಮುಕ್ತಾ ಮಲಗಿದ ಗಾಡಿ

ನಾನೊಂದು ಮಗುವಿನ ತಳ್ಳುಗಾಡಿ. ಹುಟ್ಟಿದ್ದು ಡೆನ್ಮಾರ್ಕಿನ ಒಂದು ಕಾರ್ಖಾನೆಯಲ್ಲಿ. ದೊಡ್ಡ ಗಾಲಿ, ಆಳವಾದ ಹೊಟ್ಟೆ, ಮೇಲೊಂದು ಮಡಚುವ ಮುಚ್ಚಿಗೆ. ನಮ್ಮ ದೇಶದಲ್ಲಿ ಎಳೆಮಕ್ಕಳನ್ನು ಚಳಿಗಾಲದಲ್ಲೂ ಹೊರಗೇ ಮಲಗಿಸುತ್ತಾರೆ. ತಣ್ಣನೆಯ ಗಾಳಿಗೆ ನಿದ್ದೆ ಚೆನ್ನಾಗಿ ಹತ್ತುತ್ತದಂತೆ. ನನ್ನ ಮೊದಲ ಒಡತಿ ಬಿರ್ಗಿಟೆ, ಮಗ ಮಲಗಿದ್ದ ನನ್ನನ್ನು ಬೇಕರಿಯ ಹೊರಗೆ ನಿಲ್ಲಿಸಿ, ಒಳಗೆ ಕೂತು ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದಳು.

ಆ ಹುಡುಗ ಓಡಾಡತೊಡಗಿದ ಮೇಲೆ, ಅದೇ ಊರಲ್ಲಿ ಬಂದು ನೆಲೆಸಿದ್ದ ಗದಗ ಕಡೆಯ ಈರಪ್ಪ, ಸುವರ್ಣಾ ದಂಪತಿ ನನ್ನನ್ನು ಕೊಂಡರು. ಅವರ ಮನೆಯಲ್ಲಿ ನನಗೆ ಸಿಕ್ಕ ಸ್ವಾಗತವನ್ನು ಏನೆಂದು ಹೇಳಲಿ! ಸೊಸೆಯ ಬಾಣಂತನಕ್ಕೆಂದು ಊರಿಂದ ಬಂದಿದ್ದ ಈರಪ್ಪನ ತಾಯಿ ನೀಲವ್ವ ಬಾಗಿಲಲ್ಲೇ ನನ್ನ ಗಾಲಿ ತೊಳೆದು, ಹಿಡಿಕೆಗೆ ವಿಭೂತಿ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು. “ಮುಂದ ನೂಕಪಾ ಈರಪ್ಪ” ಎಂದಳು. ನಿಂಬೆಹಣ್ಣು ಒಡೆಯುವಷ್ಟು ಭಾರ ನನ್ನಲ್ಲೆಲ್ಲಿತ್ತು? ಅದು ನುಣುಚಿಕೊಂಡು ಎದುರು ಮನೆಯ ಬಾಗಿಲಿಗೆ ಉರುಳಿತು. ಕೊನೆಗೆ ಈರಪ್ಪನೇ ನನ್ನ ಮೇಲೆ ಮೈಭಾರ ಹಾಕಿ ಒಡೆಯಬೇಕಾಯಿತು.

ಆದರೆ ಅವರ ಮಗಳು, ಪುಟ್ಟ ಮುಕ್ತಾ, ನನ್ನೊಳಗೆ ಮಲಗಲೊಲ್ಲಳು. ಅವಳಿಗೆ ನಿದ್ದೆ ಬರುತ್ತಿದ್ದದ್ದು ಅಜ್ಜಿಯ ಚಾಚಿದ ಕಾಲುಗಳ ಮೇಲೆ, ಜೋಗುಳ ಕೇಳುತ್ತಾ. ಇತ್ತ ಅಜ್ಜಿಯ ವೀಸಾ ಮುಗಿಯುತ್ತಾ ಬಂದಿತ್ತು, ಸುವರ್ಣಾ ಕೆಲಸಕ್ಕೆ ಹೊರಡಬೇಕಿತ್ತು. “ನಮ್ಮಲ್ಲಿ ಮಕ್ಕಳೆಲ್ಲ ಮಧ್ಯಾಹ್ನ ಅಂಗಳದಲ್ಲಿ ಗಾಡಿಯೊಳಗೇ ಮಲಗುತ್ತವೆ, ಮನೆಯಲ್ಲೇ ರೂಢಿ ಮಾಡಿಸಿ” ಎಂದು ಮುಕ್ತಾಳನ್ನು ಸೇರಿಸಬೇಕಿದ್ದ ಶಿಶುವಿಹಾರದವರು ಹೇಳಿದ್ದರು.

“ಅಯ್ಯ ಶಿವನ! ಕೂಸಿನ್ನ ಥಂಡ್ಯಾಗ ಹೊರಗ ಮಲಗಸ್ತಾರಾ? ನಮ್ಮೂರಾಗ ಆಕಳ ಕರಾನೂ ಒಳಗ ಕಟ್ತೀವಿ!” ಎಂದಳು ನೀಲವ್ವ.

ಸುವರ್ಣಾ ಮಗುವನ್ನು ನನ್ನೊಳಗೆ ಮಲಗಿಸಿ ಹಿಂದಿನ ಅಂಗಳದಲ್ಲಿ ನಿಲ್ಲಿಸಿದಳು. ಮಗು ಕುಂಯ್ ಎಂದದ್ದೇ ತಡ, ನೀಲವ್ವ ಓಡಿ ಬಂದು ಎತ್ತಿಕೊಂಡು ಹೋದಳು. ಮರುದಿನವೂ ಅದೇ ಕತೆ. ಸುವರ್ಣಾಳಿಗೆ ತಡೆಯಲಾಗಲಿಲ್ಲ.

“ಅತ್ತಿ, ನೀವು ಊರಿಗೆ ಹೋದಮ್ಯಾಲ ಈಕಿನ್ನ ಯಾರ ಕಾಲಮ್ಯಾಲ ಹಾಕ್ಲಿ?” ಎಂದವಳೇ ಅತ್ತುಬಿಟ್ಟಳು.

ಮಾರನೆಯ ದಿನ ನೀಲವ್ವನೇ ಮೊಮ್ಮಗಳಿಗೆ ಕುಲಾವಿ ಕಟ್ಟಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು, ತನ್ನ ಹಳೆಯ ಸೀರೆಯಿಂದ ಹೊಲಿದ ಕೌದಿಯನ್ನು ನನ್ನೊಳಗೆ ಹಾಸಿದಳು. ಮಗನ ಜಾಕೆಟ್ ತೊಟ್ಟು, ತಲೆಗೆ ಶಾಲು ಸುತ್ತಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಹಾಡುತ್ತಾ ನನ್ನನ್ನು ತೂಗಿದಳು. ಪಕ್ಕದ ಮನೆಯಾಕೆ ಕನಿಕರದಿಂದ ಹಾಲಿಲ್ಲದ, ಸಕ್ಕರೆಯಿಲ್ಲದ ಚಹಾ ತಂದುಕೊಟ್ಟಳು. ನೀಲವ್ವ ಅದನ್ನು ಕಷಾಯ ಕುಡಿದಂತೆ ಕುಡಿದಳು. ದಿನ ಕಳೆದಂತೆ ಹಾಡು ನಿಂತಿತು, ಕುರ್ಚಿ ದೂರ ಸರಿಯಿತು. ಊರಿಗೆ ಹೊರಡುವ ಹಿಂದಿನ ದಿನ ಆಕೆ ಹೊರಗೆ ಬರಲೇ ಇಲ್ಲ. ಅಡುಗೆಮನೆಯ ತೆರೆದ ಕಿಟಕಿಯಿಂದ ಅತ್ತೆ ಸೊಸೆಯರ ಮಾತು ನನಗೆ ಕೇಳಿಸುತ್ತಿತ್ತು.

“ಮಲ್ಕೊಂಡ್ಲೇನ?”

“ಹ್ಞೂಂ ಅತ್ತಿ. ಅಳಲೇ ಇಲ್ಲ.”

“ಚಲೋ ಆತು,” ಎಂದ ನೀಲವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ನನಗೆ ಸಂಕಟವಾಯಿತು. ತಾನಿಲ್ಲದೆ ಮಲಗುವುದನ್ನು ಮೊಮ್ಮಗಳಿಗೆ ಆಕೆಯೇ ಕಲಿಸಿದ್ದಳು.

ಈಗ ಮುಕ್ತಾ ಶಾಲೆಗೆ ಹೋಗುತ್ತಾಳೆ. ನನಗೆ ತುಕ್ಕು ಹಿಡಿದಿದೆ. ಬಹುಕಾಲ ಅಂಗಳದ ಮೂಲೆಯೇ ನನ್ನ ಜಾಗವಾಗಿತ್ತು. ಕಳೆದ ಚಳಿಗಾಲದಲ್ಲಿ ಮುಕ್ತಾ ಅಲ್ಲಿ ನಿಂತು ಅಜ್ಜಿಗೆ ಫೋನಿನಲ್ಲಿ ಹಿಮ ತೋರಿಸುತ್ತಿದ್ದಳು. ನೀಲವ್ವನ ಕಣ್ಣಿಗೆ ನಾನು ಬಿದ್ದೆ.

“ಯವ್ವಾ, ಆ ಗಾಡಿ ಯಾಕ ಹೊರಗ ನಿಂತೈತಿ?”

“ಅದಕ್ಕೇನ್ ಥಂಡಿ ಆಗ್ತದ ಅಜ್ಜಿ?”

“ನಿನ್ನ ಇಟಗೊಂಡು ಥಂಡ್ಯಾಗ ನಿಂತಿದ್ದ ಗಾಡಿ ಅದು. ಮೊದ್ಲ ಒಳಗ ತಗೋ.”

ಮುಕ್ತಾ ನನ್ನನ್ನು ಒಳಗೆ ತಂದು, ಮೈಮೇಲಿನ ಹಿಮ ಒರೆಸಿ, ಗೋಡೆಯ ಪಕ್ಕ ನಿಲ್ಲಿಸಿದಳು. ಹೊರಗೆ ನಿಲ್ಲುವುದಕ್ಕೆಂದೇ ನನ್ನನ್ನು ಮಾಡಿದ್ದು, ಚಳಿ ನನಗೆ ಹೊಸದೂ ಅಲ್ಲ. ಆದರೂ ಒಳಗೆ ಕರೆಯುವವರಿದ್ದರೆ ಎಷ್ಟು ಹಿತವೆಂಬುದು ನನಗೆ ಅಂದೇ ಗೊತ್ತಾದದ್ದು.