ಮೂರು ಸ್ಪ್ರಿಂಗಿನ ದೊಕ್ಜಾ

ಮಾಲ್ಸುನ್‌ಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಆದರೆ ಅರವತ್ತಮೂರು ತುಂಬಿದ ಮೇಲೆ, ಅದೂ ಸ್ಪ್ರಿಂಗಿನ ವಿಷಯಕ್ಕೆ ಹೊಟ್ಟೆ ಉರಿದುಕೊಳ್ಳಬೇಕಾದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಬುಸಾನಿನ ಯೊಂಗ್ಡೊ ಹಡಗುಕಟ್ಟೆಯಲ್ಲಿ ಅವಳೂ ದೊಕ್ಜಾಳೂ ಇಪ್ಪತ್ತಾರು ವರ್ಷ ಒಂದೇ ಹಲಗೆಯ ಮೇಲೆ ಕೂತವರು. ಹಡಗಿನ ಮಗ್ಗುಲಿಗೆ ಹಗ್ಗದಿಂದ ಇಳಿಬಿಟ್ಟ ಹಲಗೆ. ಆ ತುದಿಗೊಬ್ಬಳು, ಈ ತುದಿಗೊಬ್ಬಳು, ಬೆಳಗಿನಿಂದ ಸಂಜೆವರೆಗೆ ಸುತ್ತಿಗೆಯಿಂದ ತುಕ್ಕು ಕುಟ್ಟುವ ಕೆಲಸ. ಕೊನೆಗೆ ಇಬ್ಬರ ಸೊಂಟವೂ ಕೈಕೊಟ್ಟಿತು, ಒಂದೇ ಚಳಿಗಾಲದಲ್ಲಿ ಇಬ್ಬರಿಗೂ ಬೆನ್ನಿನ ಆಪರೇಷನ್ ಆಯಿತು. "ಕೆಲಸಕ್ಕೆ ಇರೋದು ಒಂದೇ ಜಾಗ. ಡಾಕ್ಟರು ಮೊದಲು ಯಾರಿಗೆ ಹೂಂ ಅಂತಾರೋ ಅವರು ಬನ್ನಿ," ಎಂದುಬಿಟ್ಟ ಮೇಸ್ತ್ರಿ. ಮನೆಯಲ್ಲಿ ಗೋಡೆ ನೋಡುತ್ತ ಕೂತರೆ ಮಾಲ್ಸುನ್‌ಗೆ ಹುಚ್ಚು ಹಿಡಿಯುತ್ತಿತ್ತು. ಆ ಜಾಗ ಅವಳಿಗೆ ಬೇಕೇ ಬೇಕಿತ್ತು.

ಡಾಕ್ಟರು ಹೂಂ ಅನ್ನುವ ಮೊದಲು ಸೊಲ್ಮಿ ಟೀಚರ್ ಹೂಂ ಅನ್ನಬೇಕು. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಪಿಲಾಟೆಸ್ ಎಂಬ ವ್ಯಾಯಾಮ ಮಾಡಿಸುವ ಹುಡುಗಿ ಅವಳು. ಅಲ್ಲಿ ಸ್ಪ್ರಿಂಗು ಕಟ್ಟಿದ ಜಾರುವ ಮಂಚಗಳಿವೆ. ಅಂಗಾತ ಮಲಗಿ, ಪಾದಗಳನ್ನು ಪಟ್ಟಿಗೆ ಸಿಕ್ಕಿಸಿ, ಕಾಲುಗಳನ್ನು ಮೆಲ್ಲಗೆ ಇಳಿಸಬೇಕು, ಎತ್ತಬೇಕು.

ಮೊದಲ ವಾರ ಇಬ್ಬರಿಗೂ ಮೂರು ಸ್ಪ್ರಿಂಗು. ಆಮೇಲೆ ಮಾಲ್ಸುನ್‌ದು ಎರಡಕ್ಕೆ ಇಳಿಯಿತು, ಮುಂದಿನ ತಿಂಗಳು ಒಂದಕ್ಕೆ. ದೊಕ್ಜಾಳದು ಮೂರೇ ಉಳಿಯಿತು. ಹಡಗುಕಟ್ಟೆಯಲ್ಲಿ ಭಾರದ ಸುತ್ತಿಗೆ ಕೊಡುವುದು ಗಟ್ಟಿ ಕೈಗೆ. ಇಲ್ಲೂ ಹಾಗೇ, ಹೆಚ್ಚು ಸ್ಪ್ರಿಂಗು ಗಟ್ಟಿ ಸೊಂಟಕ್ಕೆ; ಮಾಲ್ಸುನ್‌ಗೆ ಇದನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಟೀಚರನ್ನು ಕೇಳಬಹುದಿತ್ತು. ಕೇಳುವುದೇ? ಸತ್ತರೂ ಇಲ್ಲ. ಒಂದೇ ಸ್ಪ್ರಿಂಗಿಗೆ ತನ್ನ ಕಾಲು ಗಡಗಡ ನಡುಗುವಾಗ, ಮೂರನ್ನು ಎಳೆಯುವ ದೊಕ್ಜಾಳದು ಅದೆಂಥ ಸೊಂಟವಿರಬೇಕು ಎಂದು ಇನ್ನಷ್ಟು ಉರಿಯುತ್ತಿತ್ತು. ಸಾಲದ್ದಕ್ಕೆ ಟೀಚರು ದೊಕ್ಜಾಳ ಸೊಂಟದಡಿ ಕೈಯಿಟ್ಟು, "ಭೇಷ್ ಅಮ್ಮ, ಭೇಷ್," ಎನ್ನುವಳು. ಮಾಲ್ಸುನ್‌ಳ ಸರದಿ ಬಂದರೆ ದೂರ ನಿಂತು ಕೈಕಟ್ಟಿ ನೋಡುವಳು, ಅಷ್ಟೆ.

"ಅಕ್ಕಾ, ಇವತ್ತೂ ಒಂದೇನಾ?" ಎಂದು ದೊಕ್ಜಾ ಪಕ್ಕದ ಮಂಚದಿಂದ ಕೇಳಿದಳು.

"ಒಂದೇ ಕಣೆ. ನಿನ್ನ ಹಾಗೆ ಗೂಳಿ ಅಲ್ವಲ್ಲ ನಾನು."

ದೊಕ್ಜಾ ಗೋಡೆಯ ಕಡೆ ತಿರುಗಿದಳು. ನೋಡು, ಎಷ್ಟು ಜಂಭ ಎಂದುಕೊಂಡಳು ಮಾಲ್ಸುನ್.

ಗುರುವಾರ ದೊಕ್ಜಾಳ ಮಂಚ ಅಣಿಮಾಡಿದ ಟೀಚರು ಫೋನು ಬಂತೆಂದು ಹೊರಗೆ ಹೋದಳು. ದೊಕ್ಜಾ ಬಟ್ಟೆ ಬದಲಿಸಲು ಹೋಗಿದ್ದಳು. ಮಾಲ್ಸುನ್ ಬಗ್ಗಿ ಎರಡು ಸ್ಪ್ರಿಂಗುಗಳನ್ನು ಕೊಕ್ಕೆಯಿಂದ ತೆಗೆದುಬಿಟ್ಟಳು. ಇವಳೂ ಒಂದು ದಿನ ಒಂದರಲ್ಲಿ ಮಾಡಲಿ. ಹಗುರ ಮಾಡಿದರೆ ಯಾರಿಗೇನು ಕೇಡು?

ಟೀಚರು ಬಂದಳು, ದೊಕ್ಜಾ ಮಲಗಿದಳು, ಪಟ್ಟಿಗೆ ಪಾದ ಸಿಕ್ಕಿಸಿದಳು. ಇಳಿಸಲು ಹೊರಟ ಕಾಲುಗಳು ದೊಪ್ಪನೆ ಬಿದ್ದವು. ಸೊಂಟ ಮೇಲಕ್ಕೆ ಸೆಟೆಯಿತು.

"ಅಯ್ಯಮ್ಮಾ!"

ಟೀಚರು ಓಡಿಬಂದು ಅವಳ ಕಾಲುಗಳನ್ನು ಎತ್ತಿ ಹಿಡಿದಳು. ಮಂಚದ ಕೆಳಗೆ ನೋಡಿದಾಗ ಟೀಚರ ಮುಖ ಬಿಳಿಚಿತು. "ಮೂರೂ ಹಾಕಿದ್ದೆ ಅಂದ್ಕೊಂಡೆ... ಈ ಅಮ್ಮನ ಸೊಂಟಕ್ಕೆ ಕಾಲಿನ ಭಾರ ತಡೆಯೋ ಶಕ್ತಿ ಇನ್ನೂ ಬಂದಿಲ್ಲ. ಸ್ಪ್ರಿಂಗೇ ಹೊತ್ಕೋಬೇಕು, ಸೊಂಟ ಗಟ್ಟಿ ಆದಷ್ಟೂ ಸ್ಪ್ರಿಂಗು ಕಮ್ಮಿ ಮಾಡೋದು. ತಪ್ಪು ನಂದೇ, ನಾನೇ ಮರೆತಿದೀನಿ."

ಮಾಲ್ಸುನ್ ಖಾಲಿ ಕೊಕ್ಕೆಗಳನ್ನು ನೋಡಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಆ ಹುಡುಗಿ ಮಾಡದ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವುದನ್ನು ನೋಡಲಾಗಲಿಲ್ಲ.

"ನೀವು ಮರೆತಿಲ್ಲ. ನಾನೇ ತೆಗೆದಿದ್ದು."

ದೊಕ್ಜಾ ನೋವಿನಲ್ಲೇ ಕತ್ತು ತಿರುಗಿಸಿದಳು. "ಯಾಕಕ್ಕಾ?"

"ನಿನಗೆ ಮೂರು. ನನಗೆ ಒಂದು."

"ಆ ಮೂರು ನೋಡಿ ನಾನು ದಿನಾ ಅಳ್ತಿದ್ದೆ," ಎಂದಳು ದೊಕ್ಜಾ. "ನಿನ್ನ ಒಂದನ್ನ ನೋಡಿ ಹೊಟ್ಟೆ ಉರ್ಕೋತಿದ್ದೆ. ಕೊನೆಗೆ ಸಾಕಾಗಿ ಇವತ್ತು ಬೆಳಿಗ್ಗೆ ಮೇಸ್ತ್ರಿಗೆ ಫೋನ್ ಮಾಡಿದೆ. ಅಕ್ಕ ಗಟ್ಟಿಯಾಗಿದಾಳೆ, ಜಾಗ ಅವಳಿಗೇ ಕೊಡು ಅಂದೆ."

ಮಾಲ್ಸುನ್ ಅವಳ ಕೈ ಹಿಡಿಯಲು ಹೋದಳು. ದೊಕ್ಜಾ ಕೈ ಎಳೆದುಕೊಂಡಳು.

"ಹೋಗಕ್ಕಾ. ಇವತ್ತು ನಿನ್ನ ಮುಖ ನೋಡಕ್ಕಾಗಲ್ಲ ನನಗೆ."

ಮಾಲ್ಸುನ್ ಪಕ್ಕದ ಕಂಬಿ ಹಿಡಿಯದೆ ಮೆಟ್ಟಿಲಿಳಿದಳು. ಸೊಂಟ ಒಂಚೂರೂ ನೋಯಲಿಲ್ಲ. ನೋಯಬೇಕಿತ್ತು ಎನಿಸಿತು.