ವಾಪಸ್ ಕೊಡಬೇಕಾದ ಬಹುಮಾನ

ಈ ಕೋಣೆಯ ಏಸಿ ಯಾಕಿಷ್ಟು ತಣ್ಣಗಿದೆ, ಹೊರಗೆ ಆಸ್ಟಿನ್ನಿನ ಏಪ್ರಿಲ್ ಬಿಸಿಲು, ಇಲ್ಲಿ ನನ್ನ ಬೆರಳುಗಳು ಮರಗಟ್ಟಿವೆ, ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿನ ಹೆಂಗಸು ಹಳದಿ ಪೆನ್ನಿನಿಂದ ಒಂದೇ ಒಂದು ಸಾಲಿಗೆ ಬಣ್ಣ ಬಳಿದು, ಇದು ಗ್ರಾಂಟ್, ಇದನ್ನು ಮಾತ್ರ ವಾಪಸ್ ಕೊಡಬೇಕಾಗಿಲ್ಲ ಅನ್ನುತ್ತಾಳೆ — ಇದನ್ನು ಮಾತ್ರ — ಹಾಗಾದರೆ ಕೆಳಗಿರುವುದೆಲ್ಲ? ಮರ್ಫಿ ಊರಿನ ನಮ್ಮ ಮನೆಗೆ ಈ ಆಫರ್ ಪತ್ರ ಬಂದ ದಿನ ಅದರ ತಲೆಯ ಮೇಲಿದ್ದ ಅವಾರ್ಡ್ ಅನ್ನುವ ಪದ ನೋಡಿ ಹೋಳಿಗೆ ಮಾಡಿದ್ದೆ, ಮೈಸೂರಿಗೆ ಫೋನ್ ಮಾಡಿ ಅಮ್ಮಾ, ಅನಘಾಗೆ ಪೂರ್ತಿ ಕಾಲೇಜಿನವ್ರೇ ಕೊಡ್ತಾರಂತೆ ಅಂದಿದ್ದೆ, ಬಹುಮಾನಕ್ಕೆ ಯಾರಾದರೂ ಬಡ್ಡಿ ಕಟ್ಟುತ್ತಾರೆಯೇ, ಪೆನ್ನು ಕೆಳಗಿಳಿಯುತ್ತದೆ, ಇದು ಸಬ್ಸಿಡೈಸ್ಡ್ ಸಾಲ, ಮಗಳು ಓದುವಷ್ಟು ಕಾಲ ಬಡ್ಡಿ ಸರ್ಕಾರದ್ದು, ಇದು ಅನ್‌ಸಬ್ಸಿಡೈಸ್ಡ್, ಇದರ ಬಡ್ಡಿ ಹಣ ಬಂದ ದಿನದಿಂದಲೇ ಬೆಳೆಯುತ್ತದೆ, ಎರಡೂ ಅವಳ ಹೆಸರಿನಲ್ಲಿ, ಆಮೇಲೆ ಈ ಪೇರೆಂಟ್ ಪ್ಲಸ್, ತಂದೆತಾಯಿ ತೆಗೆದುಕೊಳ್ಳುವ ಸಾಲ — ಎಲ್ಲಕ್ಕಿಂತ ದೊಡ್ಡ ಮೊತ್ತ — ಇದು ನಿಮ್ಮ ಹೆಸರಿನಲ್ಲಿ, ಎಲ್ಲವನ್ನೂ ಒಪ್ಪಲೇಬೇಕೆಂದಿಲ್ಲ, ಬೇಡವಾದದ್ದನ್ನು ಬಿಡಬಹುದು ಅನ್ನುತ್ತಾಳೆ, ಬಿಟ್ಟರೆ ಫೀಸು ಯಾರು ಕಟ್ಟುತ್ತಾರೆ ತಾಯಿ, ಅನಘಾ ಪಕ್ಕದಲ್ಲಿ ನೆಟ್ಟಗೆ ಕುಳಿತಿದ್ದಾಳೆ, ಆರ್ಕಿಟೆಕ್ಚರ್ ಓದಲಿರುವ ಹುಡುಗಿ, ಆಗಲೇ ಕ್ಯಾಂಪಸ್ಸಿನ ಕಮಾನುಗಳನ್ನೆಲ್ಲ ಸ್ಕೆಚ್ ಮಾಡಿಕೊಂಡಿದ್ದಾಳೆ.

ಇಲ್ಲಿ ಹಳೆಯ ವರ್ಷದ ಆದಾಯವಿದೆ, ಆಮೇಲೆ ಮನೆಯಲ್ಲಿ ಏನಾದರೂ ಬದಲಾಗಿದೆಯೇ ಅಂತ ಆ ಹೆಂಗಸು ಕೇಳಿದಳು, ನೋ, ನಥಿಂಗ್ ಅಂದಳು ಅನಘಾ, ನಗುತ್ತಲೇ ಅಂದಳು — ಅವಳಿಗೆ ಗೊತ್ತಿಲ್ಲ, ಜನವರಿಯಲ್ಲಿ ಅವಳ ಅಪ್ಪನ ಕಂಪನಿ ಇಡೀ ಟೀಮನ್ನು ತೆಗೆದುಹಾಕಿತು, ಗರಾಜಿನಲ್ಲಿ ಕಾರಿನ ಬಾಗಿಲು ಹಿಡಿದು ನಿಂತು ವೆಂಕಟಗಿರಿ ಪಿಸುಗುಟ್ಟಿದ್ದರು, ಏ ಇಂದೂ, ಅನೂಗೆ ಹೇಳ್ಬೇಡ, ಗೊತ್ತಾದ್ರೆ ಆಸ್ಟಿನ್ನೇ ಬೇಡ ಅಂದ್ಬಿಡ್ತಾಳೆ, ಅಷ್ಟರಲ್ಲಿ ನಂಗೆ ಇನ್ನೊಂದು ಕೆಲ್ಸ ಸಿಕ್ಕೇ ಸಿಗುತ್ತೆ, ನಾನು ಹೂಂ ಅಂದೆ. ಕೆಲಸ ಹೋಗುವುದು, ಕಾಯಿಲೆ, ಅಂಥದ್ದೇನಾದರೂ, ಕಂಪನಿಯ ಪತ್ರ ತಂದರೆ ಗ್ರಾಂಟನ್ನು ಮತ್ತೊಮ್ಮೆ ಪರಿಶೀಲಿಸಬಹುದು ಅನ್ನುತ್ತಾ ಆ ಹೆಂಗಸು ಈಗ ನನ್ನನ್ನೇ ನೋಡುತ್ತಿದ್ದಾಳೆ, ವಾಪಸ್ ಕೊಡಬೇಕಾಗಿಲ್ಲದ ಹಣ, ಅದಕ್ಕೆ ಒಂದು ಮಾತು ಹೇಳಬೇಕು, ಇಲ್ಲೇ, ಅನಘಾಳ ಎದುರಿಗೇ, ಪುಟ್ಟಾ ಹೊರಗಡೆ ನೀರು ಕುಡ್ಕೊಂಡು ಬಾ ಅನ್ನಲೇ, ನಾಲಿಗೆಯ ತುದಿಗೆ ಬಂತು, ಇಲ್ಲ, ಸಾಲಕ್ಕೆ ಅವಳೂ ಸಹಿ ಹಾಕುತ್ತಾಳೆ, ಸಹಿ ಹಾಕುವವಳಿಗೆ ಮನೆಯ ಸ್ಥಿತಿ ಗೊತ್ತಾಗಬೇಡವೇ, ಗಿರಿ, ಕ್ಷಮಿಸಿ — ನನ್ನ ಗಂಡ ಕೆಲಸ ಕಳೆದುಕೊಂಡಿದ್ದಾರೆ, ಜನವರಿಯಲ್ಲಿ, ಅಂದುಬಿಟ್ಟೆ, ಇಂಗ್ಲಿಷಿನಲ್ಲಿ, ಬೇರೆ ಯಾರದೋ ಗಂಡನ ವಿಷಯ ಹೇಳಿದ ಹಾಗೆ.

ಭರವಸೆ ಕೊಡಲಾರೆ, ಕೆಲವು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಪ್ಲಸ್ ಸಾಲಕ್ಕೆ ಸಹಿ ಹಾಕಬೇಡಿ ಅಂದಳು ಆ ಹೆಂಗಸು, ಮೆಲ್ಲಗೆ, ಒಳ್ಳೆಯವಳು, ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ, ಕಾರಿಡಾರಿನಲ್ಲಿ ಅನಘಾ ನನಗಿಂತ ಮುಂದೆ ನಡೆದಳು, ಬೈಯುತ್ತಾಳೆ, ಅಳುತ್ತಾಳೆ, ಆಸ್ಟಿನ್ ಬೇಡ ಅನ್ನುತ್ತಾಳೆ ಅಂತ ಕಾದೆ, ಅವಳು ನಿಂತು ತಿರುಗಿದಳು, ನಾನು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಅಮ್ಮ, ಮತ್ತೆ ಅಪ್ಪ ಆಫೀಸು ಅಂತ ಡೈಲಿ ಎಲ್ಲಿಗೆ ಹೋಗ್ತಾರೆ ಅಂದಳು, ಕನ್ನಡದಲ್ಲಿ, ಮತ್ತೆ ಅದೇ ಕಣ್ಣಿಗೆ ಕಟ್ಟುತ್ತದೆ, ಒಲೆಯ ಮುಂದೆ, ಸಿಗ್ನಲ್ಲಿನಲ್ಲಿ, ದಿನವೂ ಕಟ್ಟುವುದು ಅದೇ, ಒಂದು ದಿನ ನಾನು ಆಕಸ್ಮಿಕವಾಗಿ ಕಂಡದ್ದು, ಪಕ್ಕದ ಊರು ಪ್ಲೇನೋದ ಲೈಬ್ರರಿಯ ಪಾರ್ಕಿಂಗ್, ಕೊನೆಯ ಮರದ ಕೆಳಗೆ ನಮ್ಮ ಕಾರು, ಸೀಟು ಹಿಂದಕ್ಕೆ ವಾಲಿಸಿ ಗಿರಿ ಮಲಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು, ನಾನು ಎಬ್ಬಿಸಲಿಲ್ಲ, ಇಸ್ತ್ರಿ ಮಾಡಿದ ನೀಲಿ ಅಂಗಿ, ತೊಡೆಯ ಮೇಲೆ ಊಟದ ಡಬ್ಬಿ, ಬೆಳಗ್ಗೆ ಹತ್ತಕ್ಕೇ ಖಾಲಿಯಾದ ಡಬ್ಬಿ, ತೊಡೆಯ ಮೇಲೆ, ಖಾಲಿ ಡಬ್ಬಿ —